ತಿನಿಸು, ಕಟ್ಟೆ, ಕೊಸರು: ಬಸವನಗುಡಿಯ ಸಾವಕಾಶದ ತಾಣಗಳು

ನಗರಕ್ಕೆ ಬಂದ ಅತಿಥಿಯನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬುದು ಮೇಲ್ನೋಟಕ್ಕೆ ಸಂಶೋಧನೆಯ ಪ್ರಶ್ನೆಯಾಗಿ ತೋರುವುದಿಲ್ಲ. ಆದರೆ ಈ ಪ್ರಶ್ನೆಗೆ ಸ್ಥಳೀಯರು ಕೊಡುವ ಉತ್ತರದಲ್ಲಿ ತಮ್ಮ ನಗರದ ಬಗೆಗೆ ಅವರಿಗಿರುವ ತಿಳಿವಳಿಕೆ ಅಡಗಿರುತ್ತದೆ. ಬೆಂಗಳೂರಿಗೆ ಬಂದ ನೆಂಟರಿಗೆ ವಿಧಾನಸೌಧವನ್ನು ತೋರಿಸಿದ ಬಳಿಕ, ‘ನಡೀರಿ, ಗಾಂಧಿಬಜಾರಿನಲ್ಲಿ ಒಂದು ದೋಸೆ ತಿಂದು, ಹಾಗೇ ಬಸವನಗುಡಿ ಸುತ್ತಿ ಬರೋಣ’ ಎನ್ನುವವರು ಇಂದಿಗೂ ಉಂಟು. ಈ ಮಾತಿನಲ್ಲಿ ಬರುವ ‘ಹಾಗೇ’ ಎಂಬ ಪದ ಗಮನಾರ್ಹವಾದುದು. ಗೊತ್ತಾದ ಗುರಿಯಿಲ್ಲದ, ಗಡಿಯಾರ ನೋಡದ, ಖರ್ಚಿನ ಲೆಕ್ಕವಿಲ್ಲದ ತಿರುಗಾಟವನ್ನು ಅದು ಸೂಚಿಸುತ್ತದೆ. ಇಂತಹ ತಿರುಗಾಟಕ್ಕೆ ಒದಗುವ ಎಡೆಗಳನ್ನು ಇಲ್ಲಿ ‘ಸಾವಕಾಶದ ತಾಣಗಳು’ ಎಂದು ಕರೆಯಲಾಗಿದೆ. ಅವು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಬಸವನಗುಡಿಯ ಪರಿಸರವನ್ನು ಆಧರಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರದ ಹಿನ್ನೆಲೆ

1898ರ ಪ್ಲೇಗ್ ಹಾವಳಿಯ ಹಿನ್ನೆಲೆಯಲ್ಲಿ ಬೆಳೆದ ಬೆಂಗಳೂರಿನ ಬಡಾವಣೆಗಳಲ್ಲಿ ಮಲ್ಲೇಶ್ವರದಂತೆ ಬಸವನಗುಡಿಯೂ ಒಂದು. ಇಕ್ಕಟ್ಟಾದ ಪೇಟೆಯಿಂದ ಹೊರಬಂದವರಿಗೆ ಗಾಳಿ ಬೆಳಕು ಬೇಕಿತ್ತು. ಆದುದರಿಂದ ಅಗಲವಾದ ರಸ್ತೆಗಳೂ ಸಾಲುಮರಗಳೂ ಇಲ್ಲಿಗೆ ಬಂದವು. ಆದರೆ ಬಡಾವಣೆ ಹುಟ್ಟುವ ಮೊದಲೇ ಅಲ್ಲೊಂದು ಹಳ್ಳಿಯಿತ್ತು. ಅದು ಸುಂಕೇನಹಳ್ಳಿ. ಅದರ ಬಸವನ ಗುಡಿಯೇ ಬಡಾವಣೆಗೂ ಹೆಸರಾಯಿತು. ಹೀಗಾಗಿ ಈ ಪ್ರದೇಶದಲ್ಲಿ ಎರಡು ಪದರಗಳಿವೆ: ಕೆಳಗೆ ಹೊಲ, ಬಂಡೆ, ಗುಡಿಗಳ ಗ್ರಾಮ, ಮೇಲೆ ಅಂಗಡಿ, ಹೋಟೆಲು, ಉದ್ಯಾನಗಳ ನಗರ. ಅತಿಥಿಗೆ ಇಲ್ಲಿ ದೊರೆಯುವ ನೆಮ್ಮದಿಯಲ್ಲಿ ಎರಡೂ ಪದರಗಳ ಪಾಲಿದೆ.

ತಿನಿಸಿನ ಮನೆಗಳು

ಗಾಂಧಿಬಜಾರಿನ ವಿದ್ಯಾರ್ಥಿ ಭವನವು 1943ರಲ್ಲಿ ಆರಂಭವಾಯಿತು. ಸುತ್ತಲ ವಿದ್ಯಾರ್ಥಿಗಳಿಗಾಗಿ ತೆರೆದ ಈ ಹೋಟೆಲು, ಹೊರಗೆ ಗರಿಯಾಗಿ ಒಳಗೆ ಮೃದುವಾಗಿರುವ ಬೆಣ್ಣೆಯ ಮಸಾಲೆದೋಸೆಗೆ ಪ್ರಸಿದ್ಧ. ಒಂದರ ಮೇಲೊಂದು ದೋಸೆಯ ತಟ್ಟೆಗಳನ್ನು ತೋಳಿನ ಮೇಲೆ ಜೋಡಿಸಿಕೊಂಡು ಬರುವ ಮಾಣಿಯ ಕೌಶಲ ನೋಡತಕ್ಕದ್ದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಚಹಾ ಇಷ್ಟೇ ಅಲ್ಲಿನ ಪಟ್ಟಿ. ಸಾಂಬಾರಿಲ್ಲ, ಚಟ್ನಿಯೇ ಎಲ್ಲ. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., 1924ರಲ್ಲಿ ಆರಂಭವಾದ ಸಂಸ್ಥೆ. ಸಂಜೆಯ ಹೊತ್ತಿಗೆ ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ತಿಂಡಿಬೀದಿ ಎಚ್ಚರಗೊಳ್ಳುತ್ತದೆ. ಚಳಿಗಾಲದಲ್ಲಿ ಅದೇ ಬೀದಿಯಲ್ಲಿ ಬೆಳೆದ ಅವರೆಕಾಯಿ ಮೇಳವು ಜನಸಂದಣಿ ಹೆಚ್ಚಿದಂತೆ ಇತ್ತೀಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಸ್ಥಳಾಂತರಗೊಂಡಿದೆ. ಸೊಗಡಿನ ಅವರೆ, ಹಿತಕಿದ ಬೇಳೆಯ ಸಾರು ಮೊದಲಾದವು ಋತುಮಾನಕ್ಕೆ ಕಟ್ಟುಬಿದ್ದ ಗ್ರಾಮೀಣ ಆಹಾರಕ್ರಮವನ್ನು ನಗರದ ನಡುವೆ ಉಳಿಸಿವೆ.

ಆದರೆ ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇವುಗಳಲ್ಲಿ ಯಾವುದೂ ಹೆಚ್ಚು ಹೊತ್ತು ಕುಳಿತಿರಲು ಬಿಡುವ ಎಡೆಯಲ್ಲ. ವಿದ್ಯಾರ್ಥಿ ಭವನದಲ್ಲಿ ಅಪರಿಚಿತರೊಡನೆ ಮೇಜು ಹಂಚಿಕೊಳ್ಳಬೇಕು. ರಜಾದಿನಗಳಲ್ಲಿ ಬಾಗಿಲಲ್ಲಿ ಕಾಯುವವರ ಕಣ್ಣು ನಮ್ಮ ತಟ್ಟೆಯ ಮೇಲಿರುತ್ತದೆ. ಶಂಕರಪುರದಲ್ಲಿ ನಿಂತೇ ತಿನ್ನಬೇಕು. ಜಯನಗರದಲ್ಲಿ 1983ರಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಹೆಸರು ಪಡೆದು ನಗರದ ತುಂಬ ಹರಡಿದ ‘ದರ್ಶಿನಿ’ಗಳಂತೂ ಬೇಗ ತಿಂದು ಬೇಗ ಹೊರಡುವವರಿಗಾಗಿಯೇ ರೂಪಿತವಾದವು. ಹಾಗಿದ್ದರೂ ಈ ಹೋಟೆಲುಗಳ ನೆನಪು ಜನಮನದಲ್ಲಿ ಸಾವಕಾಶದ ನೆನಪಾಗಿಯೇ ಉಳಿದಿದೆ. ಇದಕ್ಕೆ ಕಾರಣವನ್ನು ಹೋಟೆಲಿನ ಹೊರಗೆ ಹುಡುಕಬೇಕು.

ಕಟ್ಟೆಯ ಕಾರ್ಯ

ಗ್ರಾಮೀಣ ಬದುಕಿನಲ್ಲಿ ಅರಳಿಕಟ್ಟೆಯು ಕುಳಿತುಕೊಳ್ಳಲು ಯಾರಪ್ಪಣೆಯನ್ನೂ ಕೇಳಬೇಕಿಲ್ಲದ ಸ್ಥಳವೆಂಬ ಆದರ್ಶವನ್ನು ಪ್ರತಿನಿಧಿಸುತ್ತದೆ. ಬಸವನಗುಡಿಯಲ್ಲಿ ಈ ಕೆಲಸವನ್ನು ಬ್ಯೂಗಲ್ ರಾಕ್ ಮಾಡುತ್ತ ಬಂದಿದೆ. ಜನ ಇದನ್ನು ಕಹಳೆ ಬಂಡೆ ಎಂದೂ ಕರೆಯುವುದುಂಟು. ಕಾವಲುಗಾರರು ಇಲ್ಲಿಂದ ಕಹಳೆಯೂದುತ್ತಿದ್ದರೆಂಬುದು ಹೆಸರಿನ ಬಗೆಗಿನ ಐತಿಹ್ಯ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯ ಮೇಲೆ, ಮರಗಳ ನೆರಳಿನಲ್ಲಿ, ನಿವೃತ್ತರೂ ವಿದ್ಯಾರ್ಥಿಗಳೂ ದೂರದೂರಿನಿಂದ ಬಂದವರೂ ಕೂರುತ್ತಾರೆ. ಗಾಂಧಿಬಜಾರಿನಿಂದ ಇಲ್ಲಿಗೆ ಹತ್ತು ಹದಿನೈದು ನಿಮಿಷಗಳ ನಡಿಗೆ. ದೋಸೆಯನ್ನು ಅವಸರದಲ್ಲಿ ತಿಂದವನು ಮಾತನ್ನು ಇಲ್ಲಿ ಮುಂದುವರಿಸುತ್ತಾನೆ. ಕಾಯುವವರು ನಿಲ್ಲುವ ಪಾದಚಾರಿ ಮಾರ್ಗ, ಅಂಗಡಿಯ ಮೆಟ್ಟಿಲು, ಮರದ ಬುಡ ಇವೂ ಇದೇ ಕಾರ್ಯವನ್ನು ಚಿಕ್ಕ ಪ್ರಮಾಣದಲ್ಲಿ ನಿರ್ವಹಿಸುತ್ತವೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ‘ಬೈಟು’ ಪದ್ಧತಿಯೂ ಈ ವರ್ಗಕ್ಕೆ ಸೇರಿದುದು. ಅಲ್ಲಿ ಕಾಫಿ ನೆಪ, ಜೊತೆಯೇ ಮುಖ್ಯ. ಕೆ.ಎಸ್. ನಿಸಾರ್ ಅಹಮದ್ ಅವರು 1960ರ ತಮ್ಮ ಮೊದಲ ಕವನಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟುದನ್ನು ಇಲ್ಲಿ ನೆನೆಯಬಹುದು. ಒಂದು ಬೀದಿಯು ಮನಸ್ಸಿಗೆ ಹೋಲಿಕೆಯಾಗಬೇಕಾದರೆ ಅದು ಬರಿಯ ವ್ಯಾಪಾರದ ಸ್ಥಳವಾಗಿದ್ದರೆ ಸಾಲದು.

ಆದುದರಿಂದ ಸಾವಕಾಶದ ತಾಣವೆಂಬುದು ಒಂದೇ ಸ್ಥಳವಲ್ಲ, ಜೋಡಿ ಸ್ಥಳ. ತಿನಿಸಿನ ಮನೆ ರುಚಿಯನ್ನು ಕೊಡುತ್ತದೆ. ಹಣ ಕೇಳದ ಕಟ್ಟೆ ಹೊತ್ತನ್ನು ಕೊಡುತ್ತದೆ. ಇವೆರಡರ ನಡುವಿನ ಕಾಲ್ನಡಿಗೆಯೇ ‘ಹಾಗೇ ಸುತ್ತಿ ಬರುವುದು’.

ಈ ಸಾವಕಾಶ ಎಲ್ಲರಿಗೂ ಒಂದೇ ಸಮನಾಗಿ ದೊರೆಯುತ್ತಿರಲಿಲ್ಲ ಎಂಬುದನ್ನೂ ಮರೆಯಲಾಗದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಹಲವು ಹೋಟೆಲುಗಳ ಹಲಗೆಗಳ ಮೇಲೆ ಜಾತಿಸೂಚಕ ಹೆಸರುಗಳಿದ್ದವು, ಪಂಕ್ತಿಭೇದವೂ ಇತ್ತು. ಗ್ರಾಮದ ಅರಳಿಕಟ್ಟೆಯೂ ಎಲ್ಲ ಜಾತಿಗಳಿಗೆ ತೆರೆದಿರಲಿಲ್ಲ. ಅಪರಿಚಿತರು ಒಂದೇ ಮೇಜನ್ನು ಹಂಚಿಕೊಳ್ಳುವ ಇಂದಿನ ಸಾಮಾನ್ಯ ದೃಶ್ಯದ ಹಿಂದೆ ಈ ಚರಿತ್ರೆಯಿದೆ. ಕಟ್ಟೆಯೂ ಬಹುಕಾಲ ಗಂಡಸರದೇ ಆಗಿತ್ತು. ಹೆಂಗಸರ ಸಾವಕಾಶಕ್ಕೆ ಎಡೆ ದೊರೆತುದು ಹೆಚ್ಚಾಗಿ ಹೂವಿನ ಸಾಲಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ಮತ್ತು ಪರಿಷೆಯಲ್ಲಿ.

ಪರಿಷೆ ಮತ್ತು ಕೊಸರು

ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ತಿನಿಸು ಮತ್ತು ಕಟ್ಟೆ ಎರಡೂ ಒಂದಾಗುತ್ತವೆ. ಕಡಲೆಕಾಯಿಯ ಹೊಲವನ್ನು ಮೇಯುತ್ತಿದ್ದ ಬಸವನನ್ನು ರೈತರು ಹೊಡೆದಾಗ ಅದು ಕಲ್ಲಾಯಿತು, ಕಲ್ಲಾದರೂ ಬೆಳೆಯತೊಡಗಿತು, ಆಗ ರೈತರು ಮೊದಲ ಬೆಳೆಯನ್ನು ಅದಕ್ಕೇ ಅರ್ಪಿಸುವುದಾಗಿ ಹರಕೆ ಹೊತ್ತರು ಎಂಬುದು ಜನಜನಿತ ಐತಿಹ್ಯ. ಗುಡಿಯನ್ನು ಹದಿನಾರನೆಯ ಶತಮಾನದ ಕೆಂಪೇಗೌಡನಿಗೆ ಸಂಬಂಧಿಸಿ ಹೇಳಲಾಗುತ್ತದೆ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕ ಮೂಲದ ಬೆಳೆ. ಐರೋಪ್ಯರ ಸಮುದ್ರಯಾನಗಳ ನಂತರವೇ ಈ ನೆಲಕ್ಕೆ ಬಂದುದು. ಇದರಿಂದ ಐತಿಹ್ಯ ಸುಳ್ಳೆಂದು ತೀರ್ಮಾನಿಸುವುದು ಜಾನಪದದ ದೃಷ್ಟಿಯಲ್ಲ. ಹೊರಗಿನಿಂದ ಬಂದ ಬೆಳೆಯೊಂದನ್ನು ಗ್ರಾಮಸಮುದಾಯವು ತನ್ನ ದೈವದ ಬಾಯಿಗೆ ಇಟ್ಟು ತನ್ನದಾಗಿಸಿಕೊಂಡ ಬಗೆಯನ್ನು ಅದು ಹೇಳುತ್ತದೆ.

ಪರಿಷೆಯಲ್ಲಿ ಹಸಿ, ಹುರಿದ, ಬೇಯಿಸಿದ ಕಡಲೆಕಾಯಿಗಳನ್ನು ಸೇರಿನಲ್ಲಿ ಅಳೆದುಕೊಟ್ಟು, ಮೇಲೊಂದು ಹಿಡಿ ಹಾಕುವುದು ರೂಢಿ. ಈ ಹಿಡಿಗೆ ‘ಕೊಸರು’ ಎಂದು ಹೆಸರು. ಹೂವಾಡಗಿತ್ತಿ ತನ್ನ ಮೊಳಕೈಯಲ್ಲಿ ಹೂವನ್ನು ಅಳೆದ ಬಳಿಕ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುವುದೂ ಕೊಸರೇ. ಕೊಸರಿಗೆ ಬೆಲೆಯಿಲ್ಲ, ಆದರೆ ಕೊಸರಿಲ್ಲದ ವ್ಯಾಪಾರವನ್ನು ಜನ ಒಪ್ಪುವುದಿಲ್ಲ. ಕೊಳ್ಳುವವನೂ ಮಾರುವವನೂ ಆ ಕ್ಷಣ ಲೆಕ್ಕದಿಂದ ಹೊರಗೆ ಬಂದು ಮಾತನಾಡುತ್ತಾರೆ. ಅತಿಥಿಗೆ ಊರು ತನ್ನದೆನಿಸುವುದು ಇಂತಹ ಕ್ಷಣದಲ್ಲಿ.

ಇಂದಿನ ಪ್ರಶ್ನೆ

ಈಗ ಪರಿಷೆ ಒಂದು ದಿನಕ್ಕೆ ನಿಲ್ಲದೆ ಹಲವು ದಿನ ನಡೆಯುತ್ತದೆ. ಹಳೆಯ ಹೋಟೆಲುಗಳ ಮುಂದೆ ಸಾಲು ಬೆಳೆದಿದೆ. ಅವುಗಳಿಗೆ ಪಾರಂಪರಿಕ ಮಾನ್ಯತೆ ಬೇಕೆಂಬ ಮಾತೂ ಕೇಳಿಬರುತ್ತದೆ. ಇದು ಸ್ವಾಗತಾರ್ಹವೇ. ಆದರೆ ಹೋಟೆಲನ್ನು ಮಾತ್ರ ಉಳಿಸಿ ಅದರ ಜೋಡಿಯಾದ ಕಟ್ಟೆಯನ್ನು ಕಳೆದುಕೊಂಡರೆ ಅತಿಥಿಗೆ ಉಳಿಯುವುದು ಸರದಿಯ ಸಾಲು ಮಾತ್ರ. 2022ರ ನಂತರ ಗಾಂಧಿಬಜಾರಿನ ಮುಖ್ಯರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಮರುರೂಪಿಸುವ ಕಾಮಗಾರಿ ನಡೆದಾಗ, ಹೂವು ಹಣ್ಣಿನ ವ್ಯಾಪಾರಿಗಳ ಸ್ಥಾನದ ಪ್ರಶ್ನೆಯೂ ಎದ್ದಿತು. 2014ರ ಬೀದಿಬದಿ ವ್ಯಾಪಾರಿಗಳ ಅಧಿನಿಯಮವು ಐವತ್ತು ವರ್ಷಗಳಿಗೂ ಮೇಲ್ಪಟ್ಟು ವ್ಯಾಪಾರ ನಡೆದಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎನ್ನುತ್ತದೆ. ಒಂದು ಮಾರುಕಟ್ಟೆ ಐವತ್ತು ವರ್ಷ ನಡೆದಿದೆಯೆಂದು ತೋರಿಸಲು ದಾಖಲೆ ಬೇಕು. ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರ ಕೆಲಸ ಇಲ್ಲಿ ನೇರವಾಗಿ ಉಪಯುಕ್ತವಾಗಬಲ್ಲದು.

ನಮ್ಮ ಕ್ಷೇತ್ರಕಾರ್ಯವು ಬಹುಕಾಲ ಹಳ್ಳಿಯ ಕಡೆಗೇ ಮುಖಮಾಡಿತ್ತು. ನಗರದಲ್ಲಿ ಹೂ ಮಾರುವವರು ಯಾವ ತಲೆಮಾರಿನಿಂದ ಯಾವ ಮರದಡಿ ಕುಳಿತಿದ್ದಾರೆ, ಯಾರ ಜಗಲಿ ಯಾರಿಗೆ ಬಿಡುವಿನ ಸ್ಥಳವಾಗಿತ್ತು, ಯಾವ ಅಳತೆಗೆ ಎಷ್ಟು ಕೊಸರು ಎಂಬ ವಿವರಗಳು ಬರೆಹಕ್ಕೆ ಬಂದುದು ಕಡಿಮೆ. ಹೋಟೆಲುಗಳ ಚರಿತ್ರೆಯನ್ನು ಅವುಗಳ ಮಾಲೀಕರಾದರೂ ಬರೆಸಿಯಾರು, ಕಟ್ಟೆಗೆ ಮಾಲೀಕರಿಲ್ಲ. ಆ ಚರಿತ್ರೆಯನ್ನು ದಾಖಲಿಸುವ ಹೊಣೆ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳ ಮೇಲೂ ಅಕಾಡೆಮಿಗಳ ಮೇಲೂ ಇದೆ. ಹಿರಿಯ ವ್ಯಾಪಾರಿಗಳು ಇನ್ನೂ ತಮ್ಮ ಸ್ಥಾನಗಳಲ್ಲಿ ಕುಳಿತಿರುವಾಗಲೇ ಆ ಕಾರ್ಯ ಆರಂಭವಾಗಬೇಕಾಗಿದೆ.