ಸ್ಟಿರಾಯ್ಡ್ ಗುಳಿಗೆ: ಹೆದರಿ ಬಿಡಬೇಡಿ, ತಿಳಿದು ತೆಗೆದುಕೊಳ್ಳಿ



ಮುಂಡಗೋಡದ ಟಿಬೆಟನ್ ಕಾಲೊನಿ ಹತ್ತಿರದ ಒಂದು ಸಂಘದ ಸಭೆಗೆ ಹೋಗಿದ್ದೆವು. ಕಾಲೊನಿಯಲ್ಲಿ ಅಡುಗೆ ಕೆಲಸ ಮಾಡುವ ಒಬ್ಬ ಸದಸ್ಯೆ ಗೋಡೆಗೆ ಒರಗಿ ಸುಸ್ತಾಗಿ ಕುಳಿತಿದ್ದರು. ಅವರಿಗೆ ಸಂಧಿವಾತ. ಆರು ತಿಂಗಳಿಂದ ಸ್ಟಿರಾಯ್ಡ್ ಗುಳಿಗೆ ನಡೆದಿತ್ತು. “ಮುಖ ಬಾತೈತಿ ಅಂತ ಮಂದಿ ನಗ್ತಾರ್ರಿ ಸಿಸ್ಟರ್. ಅದಕ್ಕ ನಾಕು ದಿನದಿಂದ ಗುಳಿಗಿ ಬಿಟ್ಟೀನ್ರಿ” ಎಂದರು. ವಾಂತಿ, ತಲೆಸುತ್ತು ಶುರುವಾಗಿತ್ತು. ಅಂದೇ ಆಸ್ಪತ್ರೆಗೆ ಸೇರಿಸಬೇಕಾಯಿತು.

ಏಕೆ ಹೀಗಾಯಿತು?

ನಮ್ಮ ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳು ದಿನವೂ ಸ್ವಲ್ಪ ಸ್ಟಿರಾಯ್ಡ್ ತಯಾರಿಸುತ್ತವೆ. ರಕ್ತದೊತ್ತಡ, ಶಕ್ತಿ ಕಾಪಾಡಲು ಅದು ಬೇಕೇ ಬೇಕು. ಹಲವು ವಾರ ಗುಳಿಗೆ ನುಂಗಿದರೆ ಈ ಗ್ರಂಥಿಗಳು ಕೆಲಸ ಕಡಿಮೆ ಮಾಡುತ್ತವೆ. ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಎರಡೂ ಇಲ್ಲದಂತಾಗಿ ಜೀವಕ್ಕೇ ಅಪಾಯ. ಅದಕ್ಕೇ ವೈದ್ಯರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

1948ರಲ್ಲಿ ಅಮೆರಿಕದ ಡಾ. ಫಿಲಿಪ್ ಹೆಂಚ್ ಸಂಧಿವಾತದ ಒಬ್ಬ ಮಹಿಳೆಗೆ ಈ ಔಷಧಿ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಅಡ್ಡಪರಿಣಾಮಗಳೂ ಬೇಗನೆ ಗೊತ್ತಾದವು: ಮುಖ ದುಂಡಗಾಗುವುದು, ಅತಿ ಹಸಿವು, ನಿದ್ದೆಗೇಡು, ಸಿಟ್ಟು, ಸಕ್ಕರೆ ಮತ್ತು ಬಿ.ಪಿ. ಏರುವುದು, ಎಲುಬು ಸವೆಯುವುದು. ಮುಖದ ಬಾವು ಗುಳಿಗೆಯ ಪ್ರಮಾಣ ಇಳಿದಂತೆ ನಿಧಾನವಾಗಿ ಕಡಿಮೆಯಾಗುತ್ತದೆ.

ನಾವು ಏನು ಮಾಡಬಹುದು?

1. ವೈದ್ಯರು ಬೇರೆ ಹೇಳದಿದ್ದರೆ ಗುಳಿಗೆಯನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಿ. ಹೊಟ್ಟೆಗೂ ನಿದ್ದೆಗೂ ಒಳ್ಳೆಯದು.

2. ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಮಾತ್ರವಲ್ಲ, ಕಾಲೊನಿಯಲ್ಲಿ ಪ್ರೀತಿಯಿಂದ ಕೊಡುವ ಬೆಣ್ಣೆ ಚಹಾದಲ್ಲೂ ಉಪ್ಪಿರುತ್ತದೆ.

3. ಹಸಿವಾದಾಗ ಬಿಸ್ಕಿಟ್, ಸಕ್ಕರೆ ಚಹಾ ಬೇಡ. ಸೌತೆಕಾಯಿ, ಮಜ್ಜಿಗೆ, ಮೊಳಕೆ ಕಾಳು ತಿನ್ನಿ.

4. ಎಲುಬಿಗಾಗಿ ಹಾಲು, ಮೊಸರು, ರಾಗಿ, ಎಳ್ಳು ಇರಲಿ. ದಿನಾ ನಡೆಯಿರಿ. ಕ್ಯಾಲ್ಸಿಯಂ ಗುಳಿಗೆ ಬೇಕೇ ಎಂದು ವೈದ್ಯರನ್ನು ಕೇಳಿ.

5. ಸಕ್ಕರೆ, ಬಿ.ಪಿ., ಕಣ್ಣು ಪರೀಕ್ಷೆ ಮಾಡಿಸುತ್ತಿರಿ.

6. ಈ ಗುಳಿಗೆ ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಜ್ವರ ಬಂದರೆ, ಎರಡು ವಾರ ಕೆಮ್ಮು ಇದ್ದರೆ, ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಯಾವ ವೈದ್ಯರ ಬಳಿ ಹೋದರೂ ಗುಳಿಗೆಯ ಚೀಟಿ ತೋರಿಸಿ.

7. ಸಂತೆಯಲ್ಲಿ ಮಾರುವ ಹೆಸರಿಲ್ಲದ ನೋವಿನ ಪುಡಿ ಬೇಡ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು.

ಸಂಘದ ಪಾತ್ರ

ಆ ಸಹೋದರಿ ಗುಣವಾಗಿ ಬಂದರು. ಈಗ ವೈದ್ಯರ ಲೆಕ್ಕದಂತೆ ಗುಳಿಗೆ ಇಳಿಯುತ್ತಿದೆ. ಅವರು ಗುಳಿಗೆ ಬಿಟ್ಟಿದ್ದು ಕಾಯಿಲೆಗೆ ಹೆದರಿ ಅಲ್ಲ, ನಗುವವರಿಗೆ ಹೆದರಿ ಎಂಬುದನ್ನು ನಾವು ಮರೆಯಬಾರದು. ಮುಂದಿನ ಸಭೆಯಲ್ಲಿ “ಯಾರಿಗೆ ಗುಳಿಗೆ ನಡೆದೈತಿ? ಯಾರಿಗೆ ಗುಳಿಗೆ ತರಾಕ ದುಡ್ಡಿಲ್ಲ?” ಎಂದು ಕೇಳಿ. ಬೇಕಾದರೆ ಉಳಿತಾಯದಿಂದ ಕೈಸಾಲ ಕೊಡಿ, ಒಬ್ಬರು ಜೊತೆಗೆ ಆಸ್ಪತ್ರೆಗೆ ಹೋಗಿ. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹೆಗಲು ಕೊಡುವುದಕ್ಕೇ ಅಲ್ಲವೇ ನಾವು ಸಂಘ ಕಟ್ಟಿರುವುದು?