ಜೀವವಿಡುವುದು: ಫ್ರಾಯ್ಡನ ಒಂದು ಕಲ್ಪನೆ

‘ಮಗಳ ಮೇಲೆ ಜೀವವನ್ನೇ ಇಟ್ಟಿದ್ದಾನೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಒಡಲಿನ ಚೈತನ್ಯದ ಒಂದು ಪಾಲನ್ನು ಹೊರಗಿನ ವ್ಯಕ್ತಿಯಲ್ಲಿಯೋ ವಸ್ತುವಿನಲ್ಲಿಯೋ ಇಡಬಹುದೆಂಬುದು ಈ ಮಾತಿನ ಇಂಗಿತ. ಮನೋವಿಶ್ಲೇಷಣ ಶಾಸ್ತ್ರದ ಒಂದು ಮುಖ್ಯ ಕಲ್ಪನೆಯ ತಿರುಳೂ ಇದೇ ಆಗಿದೆ.

ಫ್ರಾಯ್ಡನು ಇದನ್ನು ‘ಬೆಜೆಟ್ಸುಂಗ್’ ಎಂದು ಕರೆದನು. ಸೈನ್ಯವು ಊರೊಂದನ್ನು ಹಿಡಿದು ನೆಲೆಯೂರುವುದಕ್ಕೆ ಜರ್ಮನರು ಆಡುವ ಸಾಮಾನ್ಯ ಮಾತು ಅದು. 1922ರಲ್ಲಿ ಆಂಗ್ಲ ಅನುವಾದಕ ಜೇಮ್ಸ್ ಸ್ಟ್ರೇಚಿ ಗ್ರೀಕ್ ಧಾತುವಿನಿಂದ ‘ಕೆಥೆಕ್ಸಿಸ್’ ಎಂಬ ಪದವನ್ನು ಟಂಕಿಸಿದನು. ಅನಾವಶ್ಯಕ ಪರಿಭಾಷೆಯನ್ನು ಒಲ್ಲದ ಫ್ರಾಯ್ಡನಿಗೆ ಅದು ಮೊದಲು ರುಚಿಸಲಿಲ್ಲ. ಫ್ರೆಂಚರಾದರೋ ಹಣದ ಹೂಡಿಕೆಗೂ ಕೋಟೆಯ ಮುತ್ತಿಗೆಗೂ ಸಲ್ಲುವ ತಮ್ಮದೇ ಪದವನ್ನು ಆರಿಸಿಕೊಂಡರು.

ಬ್ಯಾಂಕಿನ ಚಾಕರಿಯವನಾದ ನನಗೆ ಹೂಡಿಕೆಯ ಉಪಮೆ ಹಿತವಾಗಬೇಕಾಗಿತ್ತು. ಒಂದು ಮಟ್ಟಿಗೆ ಹಿತವಾದದ್ದೂ ಉಂಟು. ಇಡುಗಂಟು ಮಿತವಾದದ್ದು, ಒಂದೆಡೆ ಹೆಚ್ಚಿದರೆ ಇನ್ನೊಂದೆಡೆ ಇಳಿಯಲೇಬೇಕು. ಅಮೀಬಾ ತನ್ನ ಹುಸಿಗಾಲುಗಳನ್ನು ಚಾಚಿ ಮತ್ತೆ ಒಳಗೆಳೆದುಕೊಳ್ಳುವಂತೆ ಮನಸ್ಸೂ ಮಾಡುತ್ತದೆಂದು 1914ರ ಪ್ರಬಂಧದಲ್ಲಿ ಫ್ರಾಯ್ಡನು ವಿವರಿಸಿದನು. ಹಲ್ಲುನೋವಿನವನಿಗೆ ಲೋಕದ ಮೇಲಿನ ಅಕ್ಕರೆಯೆಲ್ಲ ಆ ಹಲ್ಲಿಗೇ ಹಿಂದಿರುಗುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಶಕ್ತಿಯನ್ನು ಅಳೆಯುವ ಮಾನವಿಲ್ಲವೆಂದು ಅವನೇ ಒಪ್ಪಿದ್ದನು. ಅಂಕಿಗಳಿಲ್ಲದ ಈ ಲೆಕ್ಕದ ಪುಸ್ತಕವನ್ನು ಯಾವ ಆಡಿಟರೂ ಒಪ್ಪಲಾರನು!

ಉಪಮೆಯು ನಿಜವಾಗಿ ಮುಗ್ಗರಿಸುವುದು ಹಿಂತೆಗೆಯುವಾಗ. ಹಣವನ್ನು ಒಂದು ರುಜುವಿನಿಂದ ತೆಗೆಯಬಹುದು; ಜೀವವಿಟ್ಟದ್ದನ್ನು ಹಾಗೆ ತೆಗೆಯಲಾಗದು. 1917ರ ಶೋಕವಿಚಾರದ ಪ್ರಬಂಧದಲ್ಲಿ ಫ್ರಾಯ್ಡನು ಹೇಳುವಂತೆ, ಅಗಲಿದವರ ಒಂದೊಂದು ನೆನಪನ್ನೂ ಬೇರೆ ಬೇರೆಯಾಗಿ ಎದುರಿಸಿ, ಅದರಿಂದ ಮನಸ್ಸನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಇಲ್ಲದವರು ಮನಸ್ಸಿನೊಳಗೆ ಇದ್ದೇ ಇರುತ್ತಾರೆ. ಈ ಕೆಲಸ ಮುಗಿದ ಮೇಲೆ ಮನಸ್ಸು ಸ್ವತಂತ್ರವಾಗುವುದೆಂದು ಆಗ ಅವನ ಮತವಾಗಿತ್ತು.

1920ರಲ್ಲಿ ಅವನ ಮಗಳು ಸೋಫಿ ತೀರಿಕೊಂಡಳು. ಒಂಬತ್ತು ವರ್ಷಗಳ ತರುವಾಯ, ಮಗನನ್ನು ಕಳೆದುಕೊಂಡಿದ್ದ ಮಿತ್ರ ಬಿನ್ಸ್‌ವಾಂಗರನಿಗೆ ಬರೆದ ಪತ್ರದಲ್ಲಿ, ಇಂಥ ನಷ್ಟಕ್ಕೆ ಬದಲಿಯೆಂಬುದು ದೊರೆಯದು, ಹಾಗಿರುವುದೇ ಸರಿ ಎಂಬ ಭಾವವನ್ನು ಫ್ರಾಯ್ಡನು ತೋಡಿಕೊಂಡನು. ಸಿದ್ಧಾಂತಕ್ಕಿಂತ ಈ ಪತ್ರವೇ ನನಗೆ ಹೆಚ್ಚು ನಂಬತಕ್ಕದ್ದಾಗಿ ತೋರುತ್ತದೆ.

ನಮ್ಮ ಶಾಖೆಗೆ ವೃದ್ಧೆಯೊಬ್ಬರು ತಿಂಗಳು ತಿಂಗಳೂ ಬರುತ್ತಿದ್ದರು. ಜಂಟಿ ಖಾತೆಯಿಂದ ದಿವಂಗತ ಪತಿಯ ಹೆಸರನ್ನು ತೆಗೆಯಿಸುವ ಅರ್ಜಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದು, ಪಾಸ್‌ಬುಕ್ಕನ್ನು ಮಾತ್ರ ಬರೆಯಿಸಿಕೊಂಡು ಹೊರಟುಹೋಗುವರು. ಎರಡು ವರ್ಷಗಳ ಮೇಲೆ ಒಂದು ದಿನ ಅರ್ಜಿಯನ್ನು ತಾವಾಗಿಯೇ ಕೊಟ್ಟರು. ಹೊಸ ಪಾಸ್‌ಬುಕ್ ಕೈಸೇರಿದ ಮೇಲೆ, ಇಬ್ಬರ ಹೆಸರೂ ಇದ್ದ ಹಳೆಯದನ್ನು ಹಿಂದಕ್ಕೆ ಕೊಡಬಹುದೇ ಎಂದು ಕೇಳಿದರು. ಕೊಟ್ಟೆ.