ಒಡೆಯನಿಲ್ಲದ ಜಾಲದ ಕಟ್ಟುಪಾಡು: ಬಾಗಳಿಯ ಶಾಸನಗಳ ನೆಲೆಯಿಂದ ಒಂದು ವಿವೇಚನೆ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿದ ಬಾಗಳಿಯು ಕಲ್ಲೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಗ್ರಾಮ. ರಾಷ್ಟ್ರಕೂಟರ ಕಡೆಗಾಲದಲ್ಲಿ ಮೊದಲಾದ ಈ ದೇವಾಲಯದ ನಿರ್ಮಾಣವು ಕಲ್ಯಾಣ ಚಾಲುಕ್ಯ ವಂಶವನ್ನು ಸ್ಥಾಪಿಸಿದ ಎರಡನೆಯ ತೈಲಪನ ಆಳ್ವಿಕೆಯಲ್ಲಿ, ಕ್ರಿ. ಶ. 987ರ ಸುಮಾರಿನಲ್ಲಿ, ಮುಂದುವರಿಯಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಇದರ ಐವತ್ತು ಕಂಬಗಳ ತೆರೆದ ಮಂಟಪವನ್ನು ಕುರಿತು ಬರೆದವರು ಅನೇಕರು. ಪ್ರಕೃತ ನಮ್ಮ ವಿಷಯ ಶಿಲ್ಪವಲ್ಲ. ಇಲ್ಲಿಯ ಶಾಸನಗಳನ್ನೂ ಅದೇ ಬಗೆಯ ಇತರ ಶಾಸನಗಳನ್ನೂ ಓದುವಾಗ ಏಳುವ ಒಂದು ಪ್ರಶ್ನೆಯು ಇಂದು ಸಣ್ಣ ವಿಕೇಂದ್ರಿತ ಸಾಮಾಜಿಕ ಜಾಲಗಳನ್ನು ಕಟ್ಟುವವರನ್ನೂ ಕಾಡುತ್ತಿದೆ. ಒಡೆಯನ ದಂಡಬಲವು ದಿನನಿತ್ಯವೂ ಕೈಗೆಟುಕದ ಕಡೆ ಕಟ್ಟುಪಾಡನ್ನು ನಿಲ್ಲಿಸುವ ಸಾಧನ ಯಾವುದು? ಇದನ್ನು ವಿವೇಚಿಸಲು ಈ ಲೇಖನದಲ್ಲಿ ಉದ್ದೇಶಿಸಿದ್ದೇವೆ.

ವಿಕೇಂದ್ರಿತ ಜಾಲವೆಂದರೇನೆಂಬುದನ್ನು ಮೊದಲು ಹೇಳಬೇಕು. ಫೇಸ್‌ಬುಕ್ ಮೊದಲಾದ ಜಾಲಗಳು ಒಂದೊಂದು ಸಂಸ್ಥೆಯ ಸ್ವತ್ತು. ಅಲ್ಲಿ ಯಾರ ಮಾತು ಉಳಿಯಬೇಕು, ಯಾರದು ಅಳಿಯಬೇಕು ಎಂಬ ಕಡೆಯ ಮಾತು ಆ ಸಂಸ್ಥೆಯದೇ. 2016ರಲ್ಲಿ ಯೂಜೆನ್ ರೋಚ್ಕೊ ಎಂಬವರು ಹೊರತಂದ ಮಾಸ್ಟೊಡಾನ್ ಇದಕ್ಕಿಂತ ಬೇರೆಯಾದುದು. ಇಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರನ್ನು ನಡೆಸಬಹುದು. ಪ್ರತಿಯೊಂದು ಸರ್ವರೂ ಒಂದು ಊರಿನಂತೆ. ತನ್ನ ನಿಯಮ, ತನ್ನ ಮೇಲ್ವಿಚಾರಕರು ಅದಕ್ಕೆ ಉಂಟು. 2018ರ ಜನವರಿಯಲ್ಲಿ ಅಂಗೀಕೃತವಾದ ಆಕ್ಟಿವಿಟಿಪಬ್ ಎಂಬ ಸಮಾನ ವಿಧಾನದಿಂದ ಒಂದೂರಿನವರು ಇನ್ನೊಂದೂರಿನವರೊಡನೆ ಮಾತನಾಡಬಲ್ಲರು. 2019ರ ನವೆಂಬರಿನಲ್ಲಿ, ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದುದನ್ನು ಖಂಡಿಸಿ, ಭಾರತೀಯರು ಅನೇಕರು ಇತ್ತ ವಲಸೆ ಬಂದುದುಂಟು. ಒಡೆಯನನ್ನು ಬಿಟ್ಟು ಬಂದವರಿಗೆ ಒಡೆಯನಿಲ್ಲದ ಊರಿನಲ್ಲೂ ಬೈಗುಳ, ಬೆದರಿಕೆ, ಪೀಡನೆಗಳು ತಪ್ಪಲಿಲ್ಲ. ಹೀಗಾಗಿ ಸಾಧನಗಳ ಪ್ರಶ್ನೆ ಬಂತು.

ಇನ್ನು ಶಾಸನಗಳತ್ತ ತಿರುಗೋಣ. ಬಾಗಳಿಯಂಥ ಅಗ್ರಹಾರದಲ್ಲಿ ಭೂಮಿಯನ್ನು ದೇವರಿಗೆ ಬಿಡುವಾಗ ಅದರ ಪಾಲನೆಯನ್ನು ಊರ ಮಹಾಜನರಿಗೆ ಒಪ್ಪಿಸುವುದು ರೂಢಿ. ಎಲ್ಲೆಕಟ್ಟು, ಅಳತೆ, ಸಾಕ್ಷಿಗಳ ಉಲ್ಲೇಖವಾದ ಮೇಲೆ ಶಾಪಾಶಯ ಬರುತ್ತದೆ: ಧರ್ಮವನ್ನು ಕಾದವರಿಗೆ ಪುಣ್ಯ, ಅಳಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ. ಇದನ್ನು ಬರಿಯ ಸಂಪ್ರದಾಯವೆಂದು ದಾಟಿಹೋಗುವ ಅಭ್ಯಾಸ ನಮ್ಮಲ್ಲಿದೆ. ಆದರೆ ಶಾಪಾಶಯವು ಯಾರನ್ನು ಉದ್ದೇಶಿಸಿದೆ ಎಂಬುದನ್ನು ಗಮನಿಸಬೇಕು. ಬರೆಸಿದವರ ಕೈ ಎಂದೂ ತಲುಪದ ಮುಂದಿನ ಅರಸರನ್ನೂ ಅಧಿಕಾರಿಗಳನ್ನೂ ಊರವರನ್ನೂ ಅದು ಸಂಬೋಧಿಸುತ್ತದೆ. ಬಲವಿಲ್ಲದೆಡೆ ಬರೆಯುವವನು ಓದುವವನ ಮನಸ್ಸಾಕ್ಷಿಯನ್ನೂ ಸುತ್ತಣವರ ಕಣ್ಣನ್ನೂ ನಂಬುತ್ತಾನೆ. ಆಕ್ಟಿವಿಟಿಪಬ್‌ನ ಅಳಿಸುವಿಕೆಯೂ ಹೀಗೆಯೇ. ನಾವು ಒಂದು ಬರಹವನ್ನು ಅಳಿಸಿದರೆ ಅದರ ಪ್ರತಿಗಳು ಹೋಗಿರುವ ಇತರ ಸರ್ವರುಗಳಿಗೆ ಅಳಿಸಿರೆಂಬ ಸಂದೇಶ ಹೋಗುತ್ತದೆ. ಅವು ನಡೆಸಿಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಸಾಧನ ರೂಪಿಸುವವರು ಬಳಕೆದಾರನಿಗೆ ಇದನ್ನು ಮುಚ್ಚಿಡಬಾರದು. ಅಳಿಸಲಾಯಿತು ಎಂದು ತೋರಿಸುವುದಕ್ಕಿಂತ ಅಳಿಸಲು ಕೇಳಲಾಗಿದೆ ಎಂದು ತೋರಿಸುವುದು ನಿಜಕ್ಕೆ ಹತ್ತಿರ.

ಅಗ್ರಹಾರವು ಒಂದೇ ಊರಿನ ಮಾತಾಯಿತು. ಊರೂರುಗಳ ನಡುವಣ ಜಾಲಕ್ಕೆ ಅಯ್ಯಾವೊಳೆ ಐನೂರ್ವರು ಹೆಚ್ಚು ಹತ್ತಿರದ ನಿದರ್ಶನ. ಇಂದಿನ ಐಹೊಳೆಯ ಹೆಸರಿನ ಈ ವರ್ತಕ ಸಮುದಾಯವು ಕರ್ಣಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಹರಡಿ, 1088ರ ಹೊತ್ತಿಗೆ ಸುಮಾತ್ರಾ ದ್ವೀಪದ ಬಾರೂಸಿನಲ್ಲಿಯೂ ತಮಿಳು ಶಾಸನವೊಂದನ್ನು ಬಿಟ್ಟಿದೆ. ಊರೂರಿನ ವರ್ತಕರು ತಮ್ಮ ತಮ್ಮ ನಖರಗಳಲ್ಲಿ ಕೂಡಿ ತೀರ್ಮಾನಿಸುತ್ತಿದ್ದರು. ಅವರನ್ನು ಕಟ್ಟಿದ್ದುದು ವೀರಬಣಂಜು ಧರ್ಮವೆಂಬ ಸಮಾನ ನಡವಳಿಕೆ. ಸಮಾನವಾದುದು ಸ್ವಲ್ಪ, ಸ್ಥಳೀಯವಾದುದು ಬಹಳ: ಈ ಪ್ರಮಾಣವು ಸಣ್ಣ ಜಾಲಗಳಿಗೂ ಒಪ್ಪುವುದೆಂದು ನಮ್ಮ ಅಭಿಪ್ರಾಯ.

ಮಾಸ್ಟೊಡಾನಿನಲ್ಲಿ ಸಾಧನಗಳು ಎರಡು ಹಂತಗಳಲ್ಲಿವೆ. ಬಳಕೆದಾರನು ತಾನೇ ಒಬ್ಬನ ಮಾತು ತನಗೆ ಕಾಣದಂತೆ ಮಾಡಿಕೊಳ್ಳಬಹುದು. ಅವನನ್ನು ಪೂರ್ತಿ ತಡೆಯಬಹುದು. ಒಂದು ಸರ್ವರನ್ನೇ ತನ್ನ ಕಣ್ಣಿಂದ ಮರೆಮಾಡಬಹುದು. ಮೇಲ್ವಿಚಾರಕನಿಗಾದರೋ ಎಚ್ಚರಿಕೆ ಕೊಡುವುದು, ಖಾತೆಯನ್ನು ಸ್ತಂಭನಗೊಳಿಸುವುದು, ಅದರ ಮಾತು ಹಿಂಬಾಲಕರಿಗೆ ಮಾತ್ರ ಕಾಣುವಂತೆ ಮಿತಿಗೊಳಿಸುವುದು, ಕಡೆಗೆ ಅಮಾನತು ಮಾಡುವುದು ಎಂಬ ಏರುಮೆಟ್ಟಿಲು ಇದೆ. ಅಮಾನತಾದ ಖಾತೆಯ ದತ್ತವು 30 ದಿನ ಉಳಿದಿರುತ್ತದೆ. ಅಷ್ಟರೊಳಗೆ ತೀರ್ಪನ್ನು ಹಿಂದೆಗೆದುಕೊಳ್ಳಬಹುದು. ತಪ್ಪಿಗೆ ತಕ್ಕ ದಂಡವೆಂಬುದು ಹಳೆಯ ವಿವೇಕ. ಎಂಟನೆಯ ಶತಮಾನದ ಆದಿಭಾಗದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಹಾಕಿಕೊಟ್ಟ ಆಚಾರವ್ಯವಸ್ಥೆಯಲ್ಲಿ ಮನೆಮನೆಯ ತೆರಿಗೆಯೇ ಶಕ್ತ್ಯನುಸಾರ ಶ್ರೇಣಿಗೊಂಡಿದೆ. ಅದಕ್ಕಿಂತ ಮುಖ್ಯವಾದುದು, ಊರವರು ಅರಸನಿಗೆ ಸಲ್ಲಿಸಬೇಕಾದುದರ ಜೊತೆಗೆ ರಾಜಪುರುಷರು ಊರಿಗೆ ನಡೆದುಕೊಳ್ಳಬೇಕಾದ ರೀತಿಯನ್ನೂ ಅದೇ ಕಂಬದಲ್ಲಿ ಕೆತ್ತಿಸಿರುವುದು. ಇಂದಿನ ಸರ್ವರುಗಳ ನಿಯಮಪಟ್ಟಿಗಳಲ್ಲಿ ಬಳಕೆದಾರನ ಕರ್ತವ್ಯಗಳು ಹೇರಳ, ಮೇಲ್ವಿಚಾರಕನವು ವಿರಳ.

ಕನ್ನಡದ ಸರ್ವರೊಂದನ್ನು ನಡೆಸುವವರಿಗೆ ಇನ್ನೊಂದು ತೊಡಕಿದೆ. ಹೊರನಾಡಿನ ಯಂತ್ರರಚಕರು ಇದನ್ನು ಊಹಿಸಿದಂತಿಲ್ಲ. ಬೇಡದ ಪದವುಳ್ಳ ಬರಹಗಳನ್ನು ಮರೆಮಾಡುವ ಸೋಸುವ ಸಾಧನವು ಪದವನ್ನು ಪೂರ್ಣವಾಗಿ ಹೋಲಿಸುವುದು ಒಂದು ರೀತಿ, ಬರಹದೊಳಗೆ ಎಲ್ಲಿದ್ದರೂ ಹಿಡಿಯುವುದು ಇನ್ನೊಂದು. 'ನಾಯಿ' ಎಂಬುದನ್ನು ಬೈಗುಳವಾಗಿ ಬಳಸುವವರನ್ನು ತಡೆಯಬೇಕೆನ್ನೋಣ. ಮೊದಲನೆಯ ರೀತಿಯಲ್ಲಿ 'ನಾಯಿಗಳು', 'ನಾಯಿಯಂತೆ', 'ನಾಯಿಗೂ' ಎಲ್ಲವೂ ನುಸುಳಿಹೋಗುತ್ತವೆ. ವಿಭಕ್ತಿಯೂ ಅವ್ಯಯವೂ ಪದಕ್ಕೆ ಅಂಟಿಕೊಳ್ಳುವ ಭಾಷೆ ನಮ್ಮದು. ಎರಡನೆಯ ರೀತಿಯಲ್ಲಿ ನಾಯಿಕೊಡೆಯ ಅಡುಗೆಯನ್ನು ವಿವರಿಸಿದ ಗೃಹಿಣಿಯೂ ಮಗುವಿನ ನಾಯಿಕೆಮ್ಮಿಗೆ ಮದ್ದು ಕೇಳಿದ ತಂದೆಯೂ ಅಪರಾಧಿಗಳಾಗುತ್ತಾರೆ. ಬೈಗುಳವನ್ನು ರೋಮನ್ ಲಿಪಿಯಲ್ಲಿ ಬರೆಯುವವರು ಬಹಳ ಮಂದಿ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಶೂನ್ಯವಿಸ್ತಾರದ ಸಂಕೇತವನ್ನು ತುರುಕಿ ಯಂತ್ರವನ್ನು ವಂಚಿಸುವುದೂ ಸಾಧ್ಯ. ಆ ಸಂಕೇತವನ್ನೇ ತೆಗೆದುಹಾಕೋಣವೆಂದರೆ 'ರ್‍ಯಾಂಕ್' ಮೊದಲಾದ ಪದಗಳನ್ನು ಸರಿಯಾಗಿ ಬರೆಯಲು ಅದು ಬೇಕು. ಆದುದರಿಂದ ಕನ್ನಡದಲ್ಲಿ ಸೋಸುಯಂತ್ರವು ಶಿಕ್ಷೆ ವಿಧಿಸಬಾರದು. ಮೇಲ್ವಿಚಾರಕನ ಮುಂದೆ ಬರಹವನ್ನು ತಂದಿಡುವಷ್ಟಕ್ಕೆ ಅದರ ಕೆಲಸ ಮುಗಿಯಬೇಕು. ಕನ್ನಡ ಬಲ್ಲ ಮನುಷ್ಯನೊಬ್ಬನು ಓದದೆ ತೀರ್ಪಾಗಬಾರದು.

ಎಲ್ಲಕ್ಕೂ ಕಠಿನವಾದುದು ಒಂದು ಸರ್ವರು ಇನ್ನೊಂದನ್ನು ಇಡಿಯಾಗಿ ಕತ್ತರಿಸಿಹಾಕುವ ಅಧಿಕಾರ. 2019ರ ಜುಲೈಯಲ್ಲಿ ದ್ವೇಷದ ಬರಹಗಳಿಗೆ ಕುಪ್ರಸಿದ್ಧವಾಗಿದ್ದ ಗ್ಯಾಬ್ ಎಂಬ ಜಾಲವು ಮಾಸ್ಟೊಡಾನಿನ ತಂತ್ರಾಂಶವನ್ನು ಅಳವಡಿಸಿಕೊಂಡಾಗ ಅನೇಕ ಸರ್ವರುಗಳು, ಯಾರ ಆಜ್ಞೆಯೂ ಇಲ್ಲದೆ, ಅದರೊಡನೆ ವ್ಯವಹಾರವನ್ನು ನಿರಾಕರಿಸಿದವು. ಇದು ಈ ಸಾಧನದ ಸದುಪಯೋಗ. ಆದರೆ ಇಬ್ಬರು ಮೇಲ್ವಿಚಾರಕರ ವೈಮನಸ್ಯದಿಂದಲೂ ಇದೇ ಕತ್ತರಿ ಆಡಬಹುದು. ಆಗ ಎರಡೂ ಕಡೆಯ ನಿರಪರಾಧಿಗಳ ಸ್ನೇಹಸಂಬಂಧಗಳು ಕಡಿದುಹೋಗುತ್ತವೆ. ಆಜ್ಞೆಯನ್ನು ಹಿಂದೆಗೆದರೂ ಅವು ತಾವಾಗಿ ಕೂಡಿಕೊಳ್ಳುವುದಿಲ್ಲ.

ಬಹಿಷ್ಕಾರದ ಇತಿಹಾಸವನ್ನು ಓದಿದವರಿಗೆ ಇದು ಹೊಸದಲ್ಲ. ಬೆಂಕಿ ನೀರು ಕೊಡದಂತೆ ಮಾಡುವ ಕಟ್ಟನ್ನು ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಅನುಭವಿಸಿದವರು ದುರ್ಬಲರೇ. ಅಗ್ರಹಾರದ ಮಹಾಜನರು ಭೂಮಿಯುಳ್ಳ ಬ್ರಾಹ್ಮಣರು. ಆ ಊರಿನಲ್ಲಿಯೇ ಉತ್ತು ಬಿತ್ತಿದವರ ಮಾತು ಆ ಸಭೆಯ ತೀರ್ಮಾನದಲ್ಲಿ ಕೇಳಿಸುವುದಿಲ್ಲ. ಈ ಕಾರಣದಿಂದ ಪ್ರಾಚೀನ ಸ್ವಯಮಾಡಳಿತವನ್ನು ಮಾದರಿಯೆಂದು ಹೊಗಳಲು ನಾವು ಸಿದ್ಧರಿಲ್ಲ. 1949ರಲ್ಲಿ ಮುಂಬಯಿ ಪ್ರಾಂತವು ಜಾತಿ ಮತ ಸಮುದಾಯಗಳಿಂದ ಹೊರಹಾಕುವುದನ್ನು ನಿಷೇಧಿಸಿ ಶಾಸನ ಮಾಡಿತು; ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಅದೇ ಪ್ರಾಂತದಲ್ಲಿದ್ದುವು. ದಾವೂದಿ ಬೋಹ್ರಾ ಧರ್ಮಗುರುಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಅದನ್ನು ಅನೂರ್ಜಿತಗೊಳಿಸಿತು. 2023ರ ಫೆಬ್ರವರಿಯಲ್ಲಿ ಆ ತೀರ್ಪಿನ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ತನ್ನವರಾರೆಂದು ತೀರ್ಮಾನಿಸುವ ಸಮುದಾಯದ ಹಕ್ಕು, ಹೊರಹಾಕಿಸಿಕೊಂಡವನ ಹಕ್ಕು, ಇವೆರಡರ ತೂಕ ಅಷ್ಟು ಸುಲಭವಲ್ಲ.

ಮೇಲ್ವಿಚಾರಕರನ್ನು ಕಾಯುವವರಾರು? ತಮಿಳುನಾಡಿನ ಉತ್ತರಮೇರೂರಿನಲ್ಲಿ ಒಂದನೆಯ ಪರಾಂತಕ ಚೋಳನ ಕಾಲದ, 919 ಮತ್ತು 921ರ ಶಾಸನಗಳು ಇದನ್ನು ನೇರವಾಗಿ ಎದುರಿಸುತ್ತವೆ. ಸಮಿತಿಯ ಸದಸ್ಯನ ಅವಧಿ 360 ದಿನ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನು ಮತ್ತೆ ಬರುವಂತಿಲ್ಲ. ಲೆಕ್ಕ ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಅನರ್ಹರು. ಸಣ್ಣ ಸರ್ವರುಗಳಲ್ಲಿ ಬಹುಮಟ್ಟಿಗೆ ಯಂತ್ರದ ಬಾಡಿಗೆ ತೆರುವವನೇ ಮೇಲ್ವಿಚಾರಕ, ಅವನೇ ಆಜೀವ ನ್ಯಾಯಾಧಿಪತಿ. ಮಾಸ್ಟೊಡಾನಿನಲ್ಲಿ ಶಿಕ್ಷಿತನಿಗೆ ಮೇಲ್ಮನವಿಯ ಅವಕಾಶವಿದೆ. ಅದನ್ನು ಕೇಳುವವರು ಅದೇ ಸರ್ವರಿನ ಮೇಲ್ವಿಚಾರಕರೇ. ಮೇಲ್ಮನವಿಯನ್ನು ನೆರೆಯ ಸರ್ವರಿನ ಇಬ್ಬರಿಗೆ ಒಪ್ಪಿಸುವ ಏರ್ಪಾಡನ್ನು ತಂತ್ರಾಂಶದಲ್ಲಿಯೇ ಕಲ್ಪಿಸಬೇಕೆಂದು ನಾವು ಸೂಚಿಸುತ್ತೇವೆ. ದಾನಶಾಸನವು ದೇವಾಲಯದ ಆವರಣದಲ್ಲಿ ಎಲ್ಲರ ಕಣ್ಣೆದುರು ನಿಂತಂತೆ ಪ್ರತಿಯೊಂದು ತೀರ್ಪೂ ಕಾರಣಸಹಿತವಾಗಿ, ದಿನಾಂಕದೊಡನೆ, ಸರ್ವರಿನ ಬಹಿರಂಗ ಪುಟದಲ್ಲಿ ಇರತಕ್ಕದ್ದು. ದೂರಿತ್ತವರ ಹೆಸರು ಮಾತ್ರ ಅಲ್ಲಿ ಇರಬಾರದು. ಬೇರೆ ಸರ್ವರಿಗೆ ದೂರನ್ನು ಕಳುಹಿಸುವಾಗ ದೂರುಗಾರನ ಹೆಸರನ್ನು ಮರೆಮಾಡುವ ವ್ಯವಸ್ಥೆ ಮಾಸ್ಟೊಡಾನಿನಲ್ಲಿ ಈಗಾಗಲೇ ಇದೆ. ಬಹಿರಂಗ ಪುಟಕ್ಕೂ ಅದನ್ನೇ ವಿಸ್ತರಿಸಿದರೆ ಸಾಕು.